ಇಪ್ಪತ್ತೈದನೆಯ ವಿವಾಹ ವಾರ್ಷಿಕೋತ್ಸವಕ್ಕೆ ಕ್ಯೋಟೋ: ಕಾರ್ಡಿನ ಪಾಯಿಂಟ್‌ಗಳನ್ನು ಹೇಗೆ ಬಳಸಬೇಕು?

ಪ್ರಶ್ನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ನವೆಂಬರ್ 26ಕ್ಕೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತದೆ. ನಮ್ಮ ಮನೆಯ ಬೀರುವಿನ ಬಾಗಿಲಿನ ಒಳಮೈಗೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಅಂಟಿಸಿದೆ. ಮದುವೆಯಾದ ಹೊಸದರಲ್ಲಿ ನನ್ನ ಪತ್ನಿ ತವರಿನಿಂದ ತಂದ ಹಾಳೆ ಅದು. ಕಣಿವೆಯ ಮೇಲೆ ಸೂರು ಹೊದಿಸಿದ ಒಂದು ಮರದ ಸೇತುವೆ, ಅದರ ಕೆಳಗೆಲ್ಲ ಕೆಂಡದಂತೆ ಕೆಂಪಾದ ಮೇಪಲ್ ಮರಗಳು, ಅಡಿಯಲ್ಲಿ ಕ್ಯೋಟೋ ಎಂಬ ಒಂದೇ ಪದ. ಎರಡು ಬಾರಿ ಮನೆ ಬದಲಾಯಿಸಿದಾಗಲೂ ಅವರು ಆ ಹಾಳೆಯನ್ನು ಜೋಪಾನವಾಗಿ ಬಿಡಿಸಿ, ಹೊಸ ಬೀರುವಿಗೆ ಅಂಟಿಸಿಕೊಂಡರು. ಈ ಬಾರಿ ಆ ಸೇತುವೆಯ ಮುಂದೆ ಅವರನ್ನು ನಿಲ್ಲಿಸಬೇಕೆಂಬುದು ನನ್ನ ಆಸೆ.

ನನ್ನ ಕ್ರೆಡಿಟ್ ಕಾರ್ಡಿನಲ್ಲಿ 1,86,000 ಪಾಯಿಂಟ್‌ಗಳು ಸೇರಿವೆ. ಅವುಗಳಲ್ಲಿ ಸುಮಾರು 40,000 ಪಾಯಿಂಟ್‌ಗಳ ಅವಧಿ ಬರುವ ಮಾರ್ಚ್‌ಗೆ ಮುಗಿಯುತ್ತದೆ. ಕಚೇರಿ ಕೆಲಸಕ್ಕಾಗಿ ಪ್ರಯಾಣಿಸಿದ್ದರಿಂದ ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಖಾತೆಯಲ್ಲಿ 22,000 ಮೈಲ್‌ಗಳಿವೆ (ಟಿಕೆಟ್ ಕೊಳ್ಳಲು ಬಳಸಬಹುದಾದ ವಿಮಾನ ಸಂಸ್ಥೆಯ ಪಾಯಿಂಟ್‌ಗಳು). ಬ್ಯಾಂಕಿನ ಎರಡು ಪಾಯಿಂಟ್‌ಗಳಿಗೆ ಒಂದು ಮೈಲ್ ದೊರೆಯುತ್ತದೆ. ಬ್ಯಾಂಕಿನ ಕ್ಯಾಟಲಾಗಿನಲ್ಲಿ ವೋಚರ್ ತೆಗೆದುಕೊಂಡರೆ ಒಂದು ಪಾಯಿಂಟಿಗೆ 25 ಪೈಸೆಯಂತೆ ಒಟ್ಟು 46,500 ರೂಪಾಯಿ ಆಗುತ್ತದೆ. ಅವಧಿ ಮುಗಿಯುವ ಭಯದಿಂದ ಈ ವಾರವೇ ಎಲ್ಲವನ್ನೂ ಮೈಲ್‌ಗಳಿಗೆ ವರ್ಗಾಯಿಸಿಬಿಡೋಣ ಎಂದುಕೊಂಡಿದ್ದೇನೆ. ಇದು ಸರಿಯೇ? ನವೆಂಬರ್ 22ರ ರಾತ್ರಿ ಹೊರಟು ಡಿಸೆಂಬರ್ 1ಕ್ಕೆ ಮರಳುವ ಆಲೋಚನೆಯಿದೆ. ನಾವಿಬ್ಬರೂ ಶುದ್ಧ ಸಸ್ಯಾಹಾರಿಗಳು. ಇದುವರೆಗೆ ಜಪಾನನ್ನು ನೋಡಿದವರಲ್ಲ.

ಉತ್ತರ 1 (ಬೆಂಗಳೂರು)

ಸರ್, ನಿಮಗೂ ನಿಮ್ಮ ಮನೆಯವರಿಗೂ ಮುಂಚಿತವಾಗಿಯೇ ಶುಭಾಶಯಗಳು. ದಯವಿಟ್ಟು ಈ ವಾರ ಏನನ್ನೂ ವರ್ಗಾಯಿಸಬೇಡಿ. ಬ್ಯಾಂಕಿನಿಂದ ವಿಮಾನ ಸಂಸ್ಥೆಗೆ ಒಮ್ಮೆ ಹೋದ ಪಾಯಿಂಟ್ ಮರಳಿ ಬರುವುದಿಲ್ಲ. ಮೊದಲು ನಿಮಗೆ ಬೇಕಾದ ದಿನದಂದು ಇಬ್ಬರಿಗೂ ಮೈಲ್‌ಗಳಿಗೆ ಸಿಗುವ ಸೀಟು ಇರುವುದನ್ನು ಕಣ್ಣಾರೆ ನೋಡಬೇಕು, ಅನಂತರ ವರ್ಗಾಯಿಸಬೇಕು. ಈ ಕ್ರಮವನ್ನು ತಿರುವು ಮುರುವು ಮಾಡಿ ಕೈಸುಟ್ಟುಕೊಂಡವರು ಬಹಳ ಮಂದಿ ಇದ್ದಾರೆ.

ನಿಮ್ಮ ಅದೃಷ್ಟಕ್ಕೆ ಕಾಲ ಹೊಂದಿಬಂದಿದೆ. ಸಿಂಗಪುರ್ ಏರ್‌ಲೈನ್ಸ್ ತನ್ನ ಸೀಟುಗಳನ್ನು ಪ್ರಯಾಣಕ್ಕೆ 355 ದಿನ ಮೊದಲು ತೆರೆಯುತ್ತದೆ. ಆ ಲೆಕ್ಕದಲ್ಲಿ ನಿಮ್ಮ ನವೆಂಬರ್ 22ರ ಪ್ರಯಾಣಕ್ಕೆ ಈ ಡಿಸೆಂಬರ್ 2ರ ಸುಮಾರಿಗೂ, ಡಿಸೆಂಬರ್ 1ರ ಮರುಪ್ರಯಾಣಕ್ಕೆ ಡಿಸೆಂಬರ್ 11ರ ಸುಮಾರಿಗೂ ಸೀಟುಗಳು ಕಾಣಿಸಿಕೊಳ್ಳುತ್ತವೆ. ಎರಡೂ ಮಾರ್ಚ್‌ಗಿಂತ ಬಹಳ ಮೊದಲೇ ಬರುವುದರಿಂದ ನಿಮ್ಮ 40,000 ಪಾಯಿಂಟ್‌ಗಳು ವ್ಯರ್ಥವಾಗುವ ಪ್ರಸಂಗವೇ ಇಲ್ಲ. ಕ್ರಿಸ್‌ಫ್ಲೈಯರ್ ಮೈಲ್‌ಗಳಿಗೆ 36 ತಿಂಗಳ ಆಯುಷ್ಯವಿದೆ. ನಿಮ್ಮ ಹಳೆಯ 22,000 ಮೈಲ್‌ಗಳಲ್ಲಿ ಯಾವುವು ಯಾವಾಗ ಮುಗಿಯುತ್ತವೆ ಎಂಬುದನ್ನು ಮಾತ್ರ ಇಂದೇ ಖಾತೆಯೊಳಗೆ ನೋಡಿಕೊಳ್ಳಿ.

ಪಾಯಿಂಟಿನ ಬೆಲೆಯನ್ನು ಕಂಡುಕೊಳ್ಳುವ ದಾರಿ ಸರಳವಾಗಿದೆ. ಮಾದರಿಗೆ ಒಂದು ಲೆಕ್ಕ ಹಾಕುತ್ತೇನೆ, ಅಂಕಿಗಳನ್ನು ನೀವು ಆ ದಿನದ ದರಕ್ಕೆ ಬದಲಿಸಿಕೊಳ್ಳಿ. ಹೋಗಿ ಬರುವ ಟಿಕೆಟ್ ಹಣ ಕೊಟ್ಟರೆ ಒಬ್ಬರಿಗೆ 52,000 ರೂಪಾಯಿ ಎಂದುಕೊಳ್ಳೋಣ. ಮೈಲ್‌ಗಳಲ್ಲಿ ಕೊಂಡರೂ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಎಂದು 7,000 ರೂಪಾಯಿ ಕೈಯಿಂದ ಕೊಡಬೇಕಾದರೆ ಉಳಿತಾಯ 45,000 ರೂಪಾಯಿ ಮಾತ್ರ. ಅದಕ್ಕೆ 50,000 ಮೈಲ್ ಖರ್ಚಾದರೆ ಮೈಲಿಗೆ 90 ಪೈಸೆ, ಅಂದರೆ ನಿಮ್ಮ ಬ್ಯಾಂಕಿನ ಪಾಯಿಂಟಿಗೆ 45 ಪೈಸೆ ಸಿಕ್ಕಂತಾಯಿತು. ವೋಚರಿನ 25 ಪೈಸೆಗಿಂತ ಇದು ಸ್ಪಷ್ಟವಾಗಿ ಮೇಲು. ತೆರಿಗೆಯ ಭಾಗವನ್ನು ಕಳೆಯದೆ ಲೆಕ್ಕ ಹಾಕಿದರೆ ಲಾಭ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಎಲ್ಲ ಪಾಯಿಂಟ್‌ಗಳೂ ಮೈಲ್‌ಗಳಾದರೆ 93,000, ಹಳೆಯದೂ ಸೇರಿ 1,15,000 ಆಗುತ್ತದೆ. ಬ್ಯಾಂಕು ತಿಂಗಳಿಗೆ ಅಥವಾ ವರ್ಷಕ್ಕೆ ಇಷ್ಟೇ ಪಾಯಿಂಟ್ ವರ್ಗಾಯಿಸಬಹುದೆಂಬ ಮಿತಿ ಇಟ್ಟಿರಬಹುದು, ಅದನ್ನೂ ಈಗಲೇ ವಿಚಾರಿಸಿ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೇ ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಊರಿನ ಹೆಸರಾಗಿಯೋ ತಂದೆಯ ಹೆಸರಾಗಿಯೋ ಬಿಡಿಸಿರುತ್ತದೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಬ್ಯಾಂಕಿನ ಖಾತೆ, ಮೈಲ್ ಖಾತೆ, ಪಾಸ್‌ಪೋರ್ಟ್ ಮೂರರಲ್ಲಿ ಮೂರು ರೂಪದ ಹೆಸರಿದ್ದರೆ ವರ್ಗಾವಣೆ ನಿಂತುಹೋಗಬಹುದು, ಇಲ್ಲವೇ ಟಿಕೆಟಿನ ಹೆಸರು ತಪ್ಪಾಗಬಹುದು. ಇದನ್ನು ಸರಿಪಡಿಸಲು ವಾರಗಳೇ ಹಿಡಿಯುವುದರಿಂದ ಡಿಸೆಂಬರ್‌ವರೆಗೆ ಕಾಯದೆ ಈಗಲೇ ಮುಗಿಸಿಕೊಳ್ಳಿ. ಹಾಗೆಯೇ ನಿಮ್ಮ ಮೈಲ್‌ಗಳಿಂದ ನಿಮ್ಮ ಮನೆಯವರಿಗೆ ಟಿಕೆಟ್ ತೆಗೆಯಬೇಕಾದರೆ ಅವರನ್ನು ನಿಮ್ಮ ಖಾತೆಯಲ್ಲಿ ನಾಮಿನಿಯಾಗಿ ಸೇರಿಸಿರಬೇಕು. ಕ್ರಿಸ್‌ಫ್ಲೈಯರ್‌ನಲ್ಲಿ ಐವರವರೆಗೆ ಸೇರಿಸಬಹುದು.

ಉತ್ತರ 2 (ಹುಬ್ಬಳ್ಳಿ)

ಮೇಲಿನವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ದಂಪತಿಗಳ ಪ್ರವಾಸಕ್ಕೆ ನಾನು ಇನ್ನೊಂದು ಬದಿಯಿಂದ ನೋಡುತ್ತೇನೆ. ವಿಮಾನದಲ್ಲಿ ಇಬ್ಬರೆಂದರೆ ಎರಡು ಸೀಟು, ಎರಡರಷ್ಟು ಮೈಲ್. ಹೋಟೆಲಿನ ಕೋಣೆ ಇಬ್ಬರಿಗೂ ಒಂದೇ. ಜೊತೆಗೆ ನೀವು ಹೋಗುತ್ತಿರುವ ದಿನಗಳು ಕ್ಯೋಟೋದಲ್ಲಿ ಎಲೆ ಕೆಂಪಾಗುವ ಕಾಲವಾದ್ದರಿಂದ ಕೋಣೆಗಳ ಬಾಡಿಗೆ ಏರಿರುತ್ತದೆ. ಹಣದ ದರ ಏರಿದ ದಿನವೂ ಪಾಯಿಂಟಿನ ದರ ಅಷ್ಟು ಏರದಿದ್ದರೆ ಅಲ್ಲಿಯೇ ಹೆಚ್ಚು ಲಾಭವಿದೆ. ಮ್ಯಾರಿಯಟ್ ಹೋಟೆಲುಗಳ ಪಾಯಿಂಟ್ ಯೋಜನೆಯಾದ ಮ್ಯಾರಿಯಟ್ ಬೊನ್‌ವಾಯ್‌ನಲ್ಲಿ ಸತತ ಐದು ರಾತ್ರಿಗಳನ್ನು ಪೂರ್ತಿಯಾಗಿ ಪಾಯಿಂಟ್‌ಗಳಲ್ಲಿ ಕಾಯ್ದಿರಿಸಿದರೆ ಒಂದು ರಾತ್ರಿಗೆ ಪಾಯಿಂಟ್ ತೆಗೆದುಕೊಳ್ಳುವುದಿಲ್ಲ. ನಿಮ್ಮ ಬ್ಯಾಂಕು ಹೋಟೆಲ್ ಖಾತೆಗೂ ವರ್ಗಾಯಿಸುತ್ತದೆಯೇ ಎಂದು ನೋಡಿ, ಎರಡೂ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಂಡು ತೀರ್ಮಾನಿಸಿ.

ಉತ್ತರ 3 (ಉಡುಪಿ)

ನನಗಾದದ್ದನ್ನು ಹೇಳುತ್ತೇನೆ, ನಿಮಗೆ ಹಾಗಾಗದಿರಲಿ ಎಂದು. ನಮ್ಮ ಇಪ್ಪತ್ತನೆಯ ವರ್ಷಕ್ಕೆ ಯೂರೋಪಿಗೆ ಹೋಗಲೆಂದು ಬಿಸಿನೆಸ್ ಕ್ಲಾಸಿನಲ್ಲಿ ಸೀಟು ಕಂಡ ತಕ್ಷಣ ಕಾರ್ಡಿನ ಎಲ್ಲ ಪಾಯಿಂಟ್‌ಗಳನ್ನೂ ಒಂದು ವಿಮಾನ ಸಂಸ್ಥೆಗೆ ಕಳುಹಿಸಿದೆ. ನಾನು ಹುಡುಕಿದ್ದು ಒಬ್ಬ ಪ್ರಯಾಣಿಕರ ಲೆಕ್ಕದಲ್ಲಿ ಎಂಬುದು ಆಗ ಗಮನಕ್ಕೆ ಬರಲಿಲ್ಲ. ಮೂರು ದಿನಗಳ ಅನಂತರ ಮೈಲ್‌ಗಳು ಜಮೆಯಾದವು. ಇಬ್ಬರೆಂದು ನಮೂದಿಸಿ ನೋಡಿದರೆ ಆ ದಿನವಿರಲಿ, ಆ ವಾರದಲ್ಲೇ ಎಲ್ಲಿಯೂ ಜೋಡಿ ಸೀಟಿರಲಿಲ್ಲ. ಆ ರಾತ್ರಿ ಅಡುಗೆಮನೆಯ ಮೇಜಿನ ಮುಂದೆ ಫೋನು ಹಿಡಿದು ಒಂದೊಂದೇ ದಿನಾಂಕ ಒತ್ತುತ್ತಾ ಎರಡು ಗಂಟೆಯವರೆಗೆ ಕುಳಿತಿದ್ದೆವು. ಕೊನೆಗೆ ಹಣ ಕೊಟ್ಟು ಟಿಕೆಟ್ ತೆಗೆದೆವು, ಮೈಲ್‌ಗಳಲ್ಲಿ ಅರ್ಧದಷ್ಟು ಅವಧಿ ಮುಗಿದು ಹೋದವು. ಆದ್ದರಿಂದ ಹುಡುಕುವಾಗಲೆಲ್ಲ ಪ್ರಯಾಣಿಕರ ಸಂಖ್ಯೆ ಎರಡು ಎಂದೇ ಇರಲಿ. ವರ್ಗಾವಣೆಗೆ ಹಿಡಿಯುವ ದಿನಗಳಲ್ಲಿ ಸೀಟು ಕೈತಪ್ಪುವ ಸಾಧ್ಯತೆ ಇದ್ದೇ ಇರುತ್ತದೆ ಎಂದು ತಿಳಿದು, ಒಂದೆರಡು ಬದಲಿ ದಿನಾಂಕಗಳನ್ನೂ ಮೊದಲೇ ನೋಡಿಟ್ಟುಕೊಳ್ಳಿ. ಪಾಯಿಂಟ್ ಕಡಿಮೆ ಬಿತ್ತೆಂದು ಕಾರ್ಡಿನಲ್ಲಿ ಬೇಡದ ಖರ್ಚು ಮಾಡಬೇಡಿ. ಬಾಕಿ ಉಳಿದರೆ ತಿಂಗಳಿಗೆ ಶೇಕಡಾ ಮೂರೂವರೆಯ ಆಸುಪಾಸಿನ ಬಡ್ಡಿ ಬೀಳುತ್ತದೆ, ಅದನ್ನು ಯಾವ ಪಾಯಿಂಟೂ ತುಂಬಿಕೊಡಲಾರದು.

ಉತ್ತರ 4 (ಒಸಾಕಾ)

ನಾನು ಹಾಸನದ ಕಡೆಯವಳು, ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಇಲ್ಲಿದ್ದೇನೆ. ನೀವು ಬರೆದಿರುವ ಚಿತ್ರದ ವಿವರಣೆ ಓದಿದರೆ ಅದು ತೋಫುಕು-ಜಿ ದೇವಾಲಯದ ತ್ಸೂತೆನ್‌ಕ್ಯೋ ಸೇತುವೆ ಇರಬೇಕೆನಿಸುತ್ತದೆ. ಕಣಿವೆಯ ಮೇಲೆ ಸೂರಿರುವ ಮರದ ಸೇತುವೆ, ಕೆಳಗೆ ಮೇಪಲ್ ಮರಗಳು ಎಂದರೆ ಇಲ್ಲಿ ಯಾರಿಗಾದರೂ ಮೊದಲು ನೆನಪಾಗುವುದು ಅದೇ. ಕ್ಯೋಟೋ ನಿಲ್ದಾಣದಿಂದ ಜೆಆರ್ (ಜಪಾನ್ ರೈಲ್ವೇಸ್) ನಾರಾ ಮಾರ್ಗದ ರೈಲಿನಲ್ಲಿ ಮುಂದಿನ ನಿಲ್ದಾಣವೇ ತೋಫುಕುಜಿ. ಅಕ್ಕ ಅವರನ್ನು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಕರೆದುಕೊಂಡು ಹೋಗಿ. ನವೆಂಬರ್ ಕೊನೆಯ ವಾರದಲ್ಲಿ ಹೊತ್ತೇರಿದಂತೆ ಸೇತುವೆಯ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಬೇಕಾಗುತ್ತದೆ, ಜನಸಂದಣಿಯ ದಿನಗಳಲ್ಲಿ ಅಲ್ಲಿ ನಿಂತು ಫೋಟೋ ತೆಗೆಯಲು ಬಿಡುವುದಿಲ್ಲ. ಕ್ಯಾಲೆಂಡರಿನ ನೋಟ ಬೇಕಾದರೆ ಸೇತುವೆಯನ್ನು ಎದುರಿನಿಂದ ನೋಡಬೇಕು, ಅದರ ಮೇಲೆ ನಿಂತಲ್ಲ. ಸಂಜೆಗೆ ಎಯ್‌ಕಾನ್-ದೋ ದೇವಾಲಯದಲ್ಲಿ ದೀಪದ ಬೆಳಕಿನಲ್ಲಿ ಮೇಪಲ್ ಮರಗಳನ್ನು ನೋಡಬಹುದು.

ಟಿಕೆಟಿನ ವಿಷಯದಲ್ಲಿ ಒಂದು ಸಲಹೆ ಇದೆ. ಕ್ಯೋಟೋಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಒಸಾಕಾದ ಕನ್ಸಾಯ್. ಅಲ್ಲಿಂದ ಹರುಕಾ ರೈಲಿನಲ್ಲಿ ಒಂದೂಕಾಲು ಗಂಟೆಯ ಸುಮಾರಿಗೆ ಕ್ಯೋಟೋ ತಲುಪುತ್ತೀರಿ. ಸಿಂಗಪುರದ ಮೂಲಕ ಕನ್ಸಾಯ್‌ಗೆ ಬಂದಿಳಿದು, ಕ್ಯೋಟೋ ಮುಗಿಸಿ, ಟೋಕಿಯೋದಿಂದ ಮರಳಿದರೆ ಬಂದ ದಾರಿಯಲ್ಲೇ ತಿರುಗುವ ಪ್ರಮೇಯವಿಲ್ಲ. ಟೋಕಿಯೋದ ನರಿತಾದಿಂದ ಬೆಂಗಳೂರಿಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವೂ ಇದೆ. ಕ್ಯೋಟೋದಿಂದ ಟೋಕಿಯೋಗೆ ನೊಜೊಮಿ ಎಂಬ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆ, ಒಬ್ಬರಿಗೆ ಸುಮಾರು 14,000 ಯೆನ್. ಪ್ರವಾಸಿಗರು ಜೆಆರ್ ರೈಲುಗಳಲ್ಲಿ ಓಡಾಡಲು ಕೊಳ್ಳುವ ಏಳು ದಿನಗಳ ಜೆಆರ್ ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲೇ 50,000 ಯೆನ್‌ಗೆ ಏರಿದ್ದರಿಂದ ಈ ಒಂದು ಪ್ರಯಾಣಕ್ಕಾಗಿ ಅದನ್ನು ಕೊಳ್ಳಬೇಡಿ. ಕ್ಯೋಟೋದಲ್ಲಿ ಕೋಣೆ ದುಬಾರಿಯೆನಿಸಿದರೆ ಬಿವಾ ಸರೋವರದ ದಡದ ಒತ್ಸು ನಗರದಲ್ಲಿ ಉಳಿಯಿರಿ, ರೈಲಿನಲ್ಲಿ ಹತ್ತೇ ನಿಮಿಷದ ದಾರಿ.

ಊಟದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಇಲ್ಲಿ ತರಕಾರಿಯ ಖಾದ್ಯದಲ್ಲಿಯೂ, ಸೋಯಾ ಹಾಲಿನಿಂದ ಮಾಡಿದ, ಪನೀರಿನಂತೆ ಕಾಣುವ ತೋಫುವಿನ ಜೊತೆ ಕೊಡುವ ರಸದಲ್ಲಿಯೂ ಹೆಚ್ಚಾಗಿ ದಾಶಿ ಇರುತ್ತದೆ. ಒಣಗಿಸಿದ ಮೀನನ್ನು ಹೆರೆದು ಕುದಿಸಿ ತೆಗೆದ ಸಾರು ಅದು, ಕಣ್ಣಿಗೆ ಕಾಣುವುದಿಲ್ಲ. ಮಾಂಸವಿಲ್ಲವೇ ಎಂದು ಕೇಳಿದರೆ ಇಲ್ಲವೆಂದೇ ಉತ್ತರ ಬರುತ್ತದೆ, ಏಕೆಂದರೆ ಇಲ್ಲಿಯವರ ಮಾತಿನಲ್ಲಿ ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಬೌದ್ಧ ದೇವಾಲಯಗಳ ಸಂಪ್ರದಾಯದ ಶೋಜಿನ್ ರ್ಯೋರಿ ಎಂಬ ಊಟದಲ್ಲಿ ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ವಾರ್ಷಿಕೋತ್ಸವದ ದಿನಕ್ಕೆ ಅಂಥ ಒಂದು ಊಟವನ್ನು ಮೊದಲೇ ಕಾಯ್ದಿರಿಸಿದರೆ ಅಕ್ಕ ಅವರಿಗೆ ಖಂಡಿತ ಹಿಡಿಸುತ್ತದೆ. ಅವಲಕ್ಕಿ, ಚಟ್ನಿಪುಡಿ ತನ್ನಿ. ಹಸಿ ಕರಿಬೇವು, ಹಣ್ಣು ತರಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಪ್ರವಾಸಿ ವೀಸಾ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಜಪಾನ್ ಪ್ರವೇಶಿಸಬೇಕು. ಆದ್ದರಿಂದ ಟಿಕೆಟನ್ನು ಹನ್ನೊಂದು ತಿಂಗಳು ಮೊದಲು ತೆಗೆದರೂ ವೀಸಾ ಅರ್ಜಿಯನ್ನು ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಹಾಕಿ. ದಿನದಿನದ ಕಾರ್ಯಕ್ರಮದ ಪಟ್ಟಿಯನ್ನೂ ಅದರೊಂದಿಗೆ ಕೊಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ನಿಮ್ಮೆಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವರ್ಗಾವಣೆಯನ್ನು ನಿಲ್ಲಿಸಿದ್ದೇನೆ. ತೋಫುಕು-ಜಿಯ ಫೋಟೋಗಳನ್ನು ಹುಡುಕಿ, ಬೀರುವಿನ ಬಾಗಿಲು ತೆರೆದು ಹಾಳೆಯ ಪಕ್ಕದಲ್ಲಿ ಫೋನು ಹಿಡಿದು ನೋಡಿದೆ. ಸೇತುವೆ ಅದೇ. ಅಷ್ಟರಲ್ಲಿ ಪತ್ನಿ ಹಿಂದೆ ಬಂದು ನಿಂತಿದ್ದರು, ಹಾಗಾಗಿ ವಿಷಯವನ್ನು ಮುಚ್ಚಿಡಲಾಗಲಿಲ್ಲ. ಬಿಸಿನೆಸ್ ಕ್ಲಾಸ್ ಬೇಡ, ಇಬ್ಬರೂ ಅಕ್ಕಪಕ್ಕದಲ್ಲಿ ಕುಳಿತರೆ ಸಾಕು, ಆದರೆ ಕ್ಯೋಟೋದಲ್ಲಿ ಐದು ರಾತ್ರಿ ಇರಬೇಕು ಎಂದರು. ಹೀಗಾಗಿ ನವೆಂಬರ್ 23ರಿಂದ 28ರವರೆಗೆ ಕ್ಯೋಟೋ, ಅಲ್ಲಿಂದ ಡಿಸೆಂಬರ್ 1ರವರೆಗೆ ಟೋಕಿಯೋ ಎಂದು ಬರೆದುಕೊಂಡಿದ್ದೇವೆ. ಬ್ಯಾಂಕು ನಮ್ಮ ಕಾರ್ಡಿನ ಪಾಯಿಂಟ್‌ಗಳನ್ನು ಹೋಟೆಲಿಗೆ ವರ್ಗಾಯಿಸುವುದಿಲ್ಲ ಎಂದು ತಿಳಿಯಿತು. ನನ್ನ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುವ ಹೆಸರು ಮೈಲ್ ಖಾತೆಯಲ್ಲಿ ಇನಿಷಿಯಲ್ ಆಗಿಯೇ ಇದೆ, ಅದನ್ನು ತಿದ್ದಲು ಪತ್ರ ಕಳುಹಿಸಿದ್ದೇನೆ. ಒಂದು ಸಂದೇಹ ಉಳಿದಿದೆ. ಡಿಸೆಂಬರ್ 2ರಂದು ಹೋಗುವ ಸೀಟು ಸಿಕ್ಕಿ, 11ರಂದು ಬರುವ ಸೀಟು ಸಿಗದೆ ಹೋದರೆ ಏನು ಮಾಡುವುದು?

ಉತ್ತರ 1 (ಬೆಂಗಳೂರು)

ಹೋಗುವುದನ್ನು, ಬರುವುದನ್ನು ಎರಡು ಬೇರೆ ಬೇರೆ ಒಂದು ಬದಿಯ ಟಿಕೆಟ್‌ಗಳೆಂದೇ ಮೈಲ್‌ಗಳಲ್ಲಿ ತೆಗೆಯಬಹುದು. ಆದ್ದರಿಂದ ಡಿಸೆಂಬರ್ 2ಕ್ಕೆ ಹೋಗುವ ಬದಿಗೆ ಬೇಕಾದಷ್ಟು ಪಾಯಿಂಟ್‌ಗಳನ್ನು ಮಾತ್ರ ವರ್ಗಾಯಿಸಿ, ಮೊದಲು ಮುಗಿಯುವ 40,000 ಅದರಲ್ಲೇ ಖರ್ಚಾಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳಿ. ಉಳಿದದ್ದು ಬ್ಯಾಂಕಿನಲ್ಲೇ ಇರಲಿ. 11ರಂದು ಸಿಗದಿದ್ದರೆ ಮುಂದಿನ ವರ್ಷದ ನವೆಂಬರ್ 30 ಮತ್ತು ಡಿಸೆಂಬರ್ 2ರ ಪ್ರಯಾಣಕ್ಕೂ ನೋಡಿ, ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ವೇಟ್‌ಲಿಸ್ಟ್ ಸೌಲಭ್ಯವೂ ಇದೆ. ಹಣ ಕೊಟ್ಟು ಬರುವ ಬದಿಯೊಂದನ್ನೇ ಕೊಳ್ಳುವುದು ಕೊನೆಯ ದಾರಿಯಾಗಿರಲಿ. ವಿದೇಶಿ ಸಂಸ್ಥೆಗಳಲ್ಲಿ ಒಂದು ಬದಿಯ ದರ ಅನೇಕ ವೇಳೆ ಹೋಗಿ ಬರುವ ದರದ ಅರ್ಧಕ್ಕಿಂತ ಬಹಳ ಹೆಚ್ಚಿರುತ್ತದೆ. ಜಪಾನಿನಲ್ಲಿ ಕಾರ್ಡ್ ಉಜ್ಜುವಾಗ ರೂಪಾಯಿಯೋ ಯೆನ್ನೋ ಎಂದು ಯಂತ್ರ ಕೇಳಿದರೆ ಯೆನ್ ಒತ್ತಿ. ನಮ್ಮ ಬಹುತೇಕ ಕಾರ್ಡುಗಳಲ್ಲಿ ವಿದೇಶಿ ಖರ್ಚಿನ ಮೇಲೆ ಶೇಕಡಾ 3.5 ಶುಲ್ಕ, ಅದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿ ನೂರಕ್ಕೆ ನಾಲ್ಕು ರೂಪಾಯಿಗಿಂತ ಸ್ವಲ್ಪ ಹೆಚ್ಚೇ ಹೋಗುತ್ತದೆ, ರೂಪಾಯಿ ಒತ್ತಿದರೆ ಅಂಗಡಿಯ ಕಡೆಯ ವಿನಿಮಯ ದರವೂ ದುಬಾರಿಯಾಗಿರುತ್ತದೆ.

ಹೆಸರಿನ ತಿದ್ದುಪಡಿ ಆಯಿತೆಂಬ ಉತ್ತರ ಬಂದ ಮೇಲೆ ಒಮ್ಮೆ ಖಾತೆ ತೆರೆದು, ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿ. ಡಿಸೆಂಬರ್ 2ರಂದು ಸೀಟು ಸಿಕ್ಕಿತೋ ಇಲ್ಲವೋ ಇಲ್ಲಿ ತಿಳಿಸಿ, ಸಿಗದಿದ್ದರೆ ಬದಲಿ ದಿನಾಂಕಗಳನ್ನು ನಾನೂ ಹುಡುಕಿ ಕೊಡುತ್ತೇನೆ.