ಒಳಗಿದ್ದರೆ ಕೋಟಿ, ಹೊರಗಿದ್ದರೆ?

ಅಂತ್ಯಾಕ್ಷರಿಯಲ್ಲಿ 'ಹ' ಬಂದದ್ದೇ ತಪ್ಪಾಯಿತು. ನಮ್ಮ ಲಾಯರಮ್ಮ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಾ ಶುರು ಮಾಡಿದಳು: "ಹೆಂಡತಿಯೊಬ್ಬಳು ಮನೆಯೊಳಗಿದ್ದರೆ..." ಅಷ್ಟಕ್ಕೇ ನಿಲ್ಲಿಸಿ ಕಣ್ಣು ಬಿಟ್ಟಳು.

"ಯಾಕೆ, ಸಾಲು ಮರೆತುಹೋಯ್ತಾ?" ಎಂದೆ.

"ಇಲ್ಲ, ಈಗ ಅರ್ಥ ಆಯ್ತು. 'ಒಳಗಿದ್ದರೆ' ಕೋಟಿ ರೂಪಾಯಿ. ಕೋರ್ಟಿಗೆ ಹೋದ ದಿನ ನನ್ನ ರೇಟು ಎಷ್ಟು?"

"ಕೆ. ಎಸ್. ನರಸಿಂಹಸ್ವಾಮಿಗಳ ಕಾಲದ ಕೋಟಿ ಕಣೇ ಅದು," ಎಂದ ಬ್ಯಾಂಕಿನವನು. "ಬಡ್ಡಿ ಹಾಕಿದರೆ ಎಲ್ಲಿಗೋ ಹೋಗುತ್ತೆ. ಸುಮ್ನೆ ಖುಷಿಪಡು."

"ಮನೆಯೊಳಗೆ ಇಟ್ಟು ಬಡ್ಡಿ ಲೆಕ್ಕ ಹಾಕೋಕೆ ನಾನೇನು ಫಿಕ್ಸೆಡ್ ಡಿಪಾಸಿಟ್ಟಾ?"

ಮೇಷ್ಟ್ರು ಕವಿಯ ಪರ ವಕಾಲತ್ತು ವಹಿಸಿದರು. 1942ರ 'ಮೈಸೂರು ಮಲ್ಲಿಗೆ'ಯಲ್ಲಿ ರಾಯರು ಮಾವನ ಮನೆಗೆ ಬರುತ್ತಾರೆ. ಉಪಚಾರಕ್ಕೆ ಏನೂ ಕಮ್ಮಿ ಇಲ್ಲ. ಪದುಮ ಮಾತ್ರ ಒಳಗಿಲ್ಲ. ಯಾಕಿಲ್ಲ ಅಂತ ಕವಿ ಬಾಯಿಬಿಟ್ಟು ಹೇಳಲಿಲ್ಲ, ಓದಿದ ಹೆಂಗಸರಿಗೆ ಹೇಳಬೇಕಾಗಿಯೂ ಇರಲಿಲ್ಲ. "ಮುಟ್ಟಾಗಿ ಹೊರಗೆ ಕೂತವಳನ್ನ ಇಷ್ಟು ನಾಜೂಕಾಗಿ ಹೇಳಿದವರು ಯಾರಿದ್ದಾರೆ?" ಎಂದರು ಮೇಷ್ಟ್ರು. ನಾನಂತೂ ಬಹಳ ವರ್ಷ ಅವಳು ಅಂಗಡಿಗೆ ಹೋಗಿದ್ದಾಳೆ ಅಂದುಕೊಂಡಿದ್ದೆ. ಅದನ್ನು ಹೇಳಿದ್ದಕ್ಕೆ ಐದು ನಿಮಿಷ ನಕ್ಕರು.

"ಕವಿಗಳನ್ನ ಬಿಡಿ, ಸಿನಿಮಾಕ್ಕೆ ಬನ್ನಿ," ಎಂದ ಬ್ಯಾಂಕಿನವನು. "1989, ನಂಜುಂಡಿ ಕಲ್ಯಾಣ, ಮಾಲಾಶ್ರೀ. ಒಳಗೆ ಸೇರಿದರೆ ಗುಂಡು, ಹುಡುಗಿಯಾಗುವಳು ಗಂಡು! ಇದಕ್ಕಿಂತ ಸ್ತ್ರೀ ಸ್ವಾತಂತ್ರ್ಯ ಬೇಕಾ?"

"ಅಲ್ಲೂ 'ಒಳಗೆ' ಅಂತಲೇ ಶುರು! ಧೈರ್ಯ ಬಂದ ತಕ್ಷಣ ಗಂಡು ಯಾಕಾಗಬೇಕು? ಹುಡುಗಿಯಾಗೇ ತೂರಾಡಬಾರದಾ?"

"ಪ್ರಾಸ ಕಣಮ್ಮ," ಎಂದರು ಮೇಷ್ಟ್ರು. "ಗುಂಡಿಗೆ ಗಂಡೇ ಕೂರೋದು."

"ನಮ್ಮ ಕಷ್ಟಕ್ಕೆಲ್ಲ ಈ ಪ್ರಾಸವೇ ಕಾರಣ. ಹೆಣ್ಣು ಅಂದ್ರೆ ಕಣ್ಣು, ಮಣ್ಣು, ಹಣ್ಣು. ಮುಗೀತು. ಗಂಡಿಗೆ ನೋಡಿ, ಗುಂಡು, ತುಂಡು, ದಂಡು! ಪಾರ್ಟಿ ಪೂರ್ತಿ ನಿಮ್ಮ ಕಡೆ."

ಹಳೇ ಹಾಡುಗಳಲ್ಲಿ ಹೆಣ್ಣನ್ನು ಬೈದರೆ ನನಗೆ ಅಷ್ಟು ಬೇಜಾರಿಲ್ಲ. ಬೈಗುಳಕ್ಕೆ ತಿರುಗಿ ಬೈಯಬಹುದು. ಹೊಗಳಿಕೆಯೇ ಡೇಂಜರು. ಭೂಮಿತಾಯಿ, ತಾಳ್ಮೆಯ ಮೂರ್ತಿ, ಉರಿಯುವ ದೀಪ ಅಂತೆಲ್ಲ ಹಾಡಿಸಿಕೊಂಡ ಮೇಲೆ, ಸೊಂಟ ನೋವು ಅಂತ ಹೇಳೋಕಾಗುತ್ತಾ? ಭೂಮಿಗೆಲ್ಲಿಯ ಸೊಂಟ!

ನನ್ನ ಈ ಭಾಷಣವನ್ನು ಯಾರೂ ಪೂರ್ತಿ ಕೇಳಲಿಲ್ಲ. ಮೇಷ್ಟ್ರು ಆಗಲೇ ಸಂಚಿಯ ಹೊನ್ನಮ್ಮನಿಗೆ ಹೋಗಿದ್ದರು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುವ ಊಳಿಗ ಅವಳದು. ಬರೆದದ್ದು 'ಹದಿಬದೆಯ ಧರ್ಮ', ಪತಿವ್ರತೆ ಹೇಗಿರಬೇಕು ಅಂತ.

"ಅಂದ್ರೆ ತಾನು ಡ್ಯೂಟಿಗೆ ಹೋಗಿ, ಮಿಕ್ಕವರಿಗೆ ಮನೇಲಿರಿ ಅಂದಳಾ?" ಲಾಯರಮ್ಮನಿಗೆ ಕೇಸು ಸಿಕ್ಕಿತು.

"ಪೂರ್ತಿ ಕೇಳು. ಅದರಲ್ಲೇ ಇದೆ, 'ಪೆಣ್ಣು ಪೆಣ್ಣೆಂದೇಕೆ ಬೀಳುಗಳೆವರು, ಕಣ್ಣು ಕಾಣದ ಗಾವಿಲರು.' ಹೆಣ್ಣು ಅಂತ ಹೀಗಳೆಯೋರು ಕುರುಡು ಗಮಾರರು ಅಂತ. ಅರಮನೆಯಲ್ಲಿ ಕೂತು, ಧರ್ಮದ ಪುಸ್ತಕದ ಒಳಗೇ ಬೈದಿದ್ದಾಳೆ."

ಲಾಯರಮ್ಮ ಒಂದು ಕ್ಷಣ ಸುಮ್ಮನಾದಳು. ಇದು ಜಾಸ್ತಿ ನೋಡಸಿಗದ ದೃಶ್ಯ. "ಪೆಣ್ಣಿಗೂ ಕಣ್ಣೇ ಪ್ರಾಸ," ಎಂದಳು ಕೊನೆಗೆ, "ಆದರೆ ಈ ಸಲ ಕಣ್ಣು ಕಾಣದೇ ಇರೋದು ನಿಮಗೆ."

ಬ್ಯಾಂಕಿನವನು ಕೈಯೆತ್ತಿದ. "ಆಯ್ತಮ್ಮ, ಒಪ್ಪಿದೆ. ಆದರೆ ಹಾಡು ಅರ್ಧಕ್ಕೇ ನಿಂತಿದೆ. 'ಹ' ಪಾಯಿಂಟು ನಮ್ಮ ಟೀಮಿಗೆ."

"ಆಹಾ!" ಎಂದು ಎದ್ದು ನಿಂತ ಲಾಯರಮ್ಮ, ಕೋಟಿ ರೂಪಾಯಿಯಿಂದ ಹಿಡಿದು ಕೊನೆಯ ಸಾಲಿನವರೆಗೆ ಒಂದಕ್ಷರ ಬಿಡದೆ ಹಾಡಿ ಪಾಯಿಂಟು ತೆಗೆದುಕೊಂಡೇ ಕೂತಳು.