ಅಪ್‌ಡೇಟ್: ನಿಂಗಲೂ ಹವಳದ ದಂಡೆಯ ಪಕ್ಕದ ಬಿಡಾರ

ಪಶ್ಚಿಮ ಆಸ್ಟ್ರೇಲಿಯಾದ ನಿಂಗಲೂ ಹವಳದ ದಂಡೆಗೆ ಹೊಂದಿಕೊಂಡ ಕೇಪ್ ರೇಂಜ್ ರಾಷ್ಟ್ರೀಯ ಉದ್ಯಾನದಲ್ಲಿ ಡೇರೆ ಹಾಕಿದರೆ ನಿಜವಾದ ವಿಶ್ರಾಂತಿ ಸಿಗುವುದೇ ಎಂದು ಕೇಳಿದ್ದೆ, ಖಂಡಿತ ಸಿಗುತ್ತದೆ. ಹವಳಗಳು ದಡದ ಸಮೀಪದಲ್ಲೇ ಇರುವುದರಿಂದ ದೋಣಿಯ ಅಗತ್ಯವಿಲ್ಲ, ನೀರೊಳಗೆ ನೋಡಲು ಬಳಸುವ ಈಜು ಮುಖವಾಡ ಧರಿಸಿ ನೀರಿಗಿಳಿದರೆ ಸಾಕು ಎಂಬುದೇ, ನನ್ನ ಅಭಿಪ್ರಾಯದಲ್ಲಿ, ಈ ನೆಮ್ಮದಿಗೆ ಮುಖ್ಯ ಕಾರಣ. ಆದರೆ ಇದೇ ಉದ್ಯಾನದ ಟರ್ಕ್ವಾಯ್ಸ್ ಕೊಲ್ಲಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ತೇಲಿಸಿಕೊಂಡು ಹೋಗುವ ಪ್ರವಾಹವು ಮರಳುದಿಣ್ಣೆಯ ತುದಿಯಲ್ಲಿ ಹೊರಸಮುದ್ರದತ್ತ ಎಳೆಯುವುದರಿಂದ, ಅದಕ್ಕೂ ಮೊದಲೇ ದಡ ಸೇರಲೇಬೇಕು. ಈಜು ಚೆನ್ನಾಗಿ ಬಲ್ಲವರಿಗೂ ಇದನ್ನು ಒತ್ತಿ ಹೇಳುತ್ತೇನೆ.

ಜಾಗವನ್ನು ಮುಂಗಡವಾಗಿ ಕಾಯ್ದಿರಿಸಬೇಕು, ಬೆಂಕಿ ಹಾಕುವಂತಿಲ್ಲ. ಬಿಡಾರಗಳಲ್ಲಿ ಕುಡಿಯುವ ನೀರು ಸಿಗದ ಕಾರಣ ಎಕ್ಸ್‌ಮೌತ್‌ ಪಟ್ಟಣದಲ್ಲೇ ತುಂಬಿಸಿಕೊಂಡು ಹೊರಡುವುದು ಒಳ್ಳೆಯದು. ಸಂಜೆಗೆ ಯಾರ್ಡಿ ಕ್ರೀಕ್‌ನ ಕಮರಿಯಂಚಿನಲ್ಲಿ ನಡೆದರೆ ಬಂಡೆಗಳ ಮೇಲೆ ವಾಲಬಿಗಳು (ಕಾಂಗರೂವನ್ನು ಹೋಲುವ ಚಿಕ್ಕ ಪ್ರಾಣಿಗಳು) ಕಾಣಸಿಗಬಹುದು.