ಗುತ್ತಿಗೆದಾರರ ವಿಳಂಬ ಮತ್ತು ‘ಎಕ್ಸ್‌ಟ್ರಾ’ ಬಿಲ್ಲು: ಮನೆ ಕಟ್ಟಿಸಿದವರ ಅನುಭವ ಹಂಚಿಕೆ

ಪ್ರಶ್ನೆ: ಮೈಸೂರಿನಲ್ಲಿ ನಮ್ಮ 30×40 ನಿವೇಶನದಲ್ಲಿ ಎರಡು ಅಂತಸ್ತಿನ ಮನೆಯನ್ನು ಸಾಮಗ್ರಿಸಹಿತ ಗುತ್ತಿಗೆಗೆ ಕೊಟ್ಟಿದ್ದೇವೆ. ಕರಾರಿನಲ್ಲಿ ಹತ್ತು ತಿಂಗಳು ಎಂದಿದೆ. ಒಂದೂವರೆ ವರ್ಷವಾಗುತ್ತಾ ಬಂದರೂ ಒಳಗಿನ ಗಾರೆ ಕೆಲಸ ಅರ್ಧಕ್ಕೆ ನಿಂತಿದೆ. ಕಬ್ಬಿಣದ ಬೆಲೆ ಏರಿತು, ಪಾಯ ಆಳವಾಯಿತು, ಸಂಪ್ ದೊಡ್ಡದಾಯಿತು ಎಂದು ಗುತ್ತಿಗೆದಾರರು ಏಳೂವರೆ ಲಕ್ಷ ರೂಪಾಯಿ ಹೆಚ್ಚುವರಿ ಕೇಳುತ್ತಿದ್ದು, ಕೊಟ್ಟರಷ್ಟೇ ಕೆಲಸಗಾರರನ್ನು ಕರೆತರುವುದಾಗಿ ಹೇಳುತ್ತಿದ್ದಾರೆ. ಕೊಡಬೇಕೇ, ಬೇರೆಯವರನ್ನು ನೋಡಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ ಒಬ್ಬರು: ಏಳೂವರೆ ಲಕ್ಷವನ್ನು ಒಂದೇ ಮೊತ್ತವೆಂದು ನೋಡಿ ಕೊಡುವ ಅಥವಾ ನಿರಾಕರಿಸುವ ತೀರ್ಮಾನ ಮಾಡಬೇಡಿ. ಅದರೊಳಗಿನ ಒಂದೊಂದು ಬಾಬ್ತಿಗೂ ನ್ಯಾಯ ಬೇರೆ ಬೇರೆ. ಚದರಕ್ಕೆ (ನೂರು ಚದರ ಅಡಿಗೆ) ಇಷ್ಟು ಎಂದು ಸಾಮಗ್ರಿಸಹಿತ ದರ ಒಪ್ಪಿಕೊಂಡು, ಬೆಲೆ ಏರಿಕೆಯ ಷರತ್ತನ್ನು ಕರಾರಿನಲ್ಲಿ ಬರೆಯದೇ ಇದ್ದಲ್ಲಿ ಕಬ್ಬಿಣದ ಬೆಲೆಯ ಹೊರೆ ಗುತ್ತಿಗೆದಾರರದ್ದೇ. ಅಲ್ಲದೆ ಗಾರೆ ನಡೆಯುತ್ತಿದೆಯೆಂದರೆ ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕಿ ತಿಂಗಳುಗಳೇ ಕಳೆದಿರಬೇಕು, ಕಬ್ಬಿಣ ಕೊಂಡದ್ದೂ ಆಗಲೇ. ಆದ್ದರಿಂದ ಇಂದಿನ ದರದ ಮಾತು ಬಿಟ್ಟು ಅಂದಿನ ಬಿಲ್ಲುಗಳನ್ನು ತೋರಿಸಲು ಕೇಳಿ. ತೂಕದ ಬಗ್ಗೆ ಅನುಮಾನವಿದ್ದರೆ ಲೆಕ್ಕ ಕಷ್ಟವಲ್ಲ. ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ, 12 ಮಿ.ಮೀ. ಸರಳು ಮೀಟರಿಗೆ ಸುಮಾರು 0.89 ಕಿಲೋ, 12 ಮೀಟರಿನ ಇಡೀ ಸರಳು ಸುಮಾರು 10.7 ಕಿಲೋ ತೂಗುತ್ತದೆ. ಕಂಬ, ತೊಲೆ, ಸ್ಲ್ಯಾಬುಗಳ ಕಬ್ಬಿಣದ ವಿವರವಿರುವ ಸ್ಟ್ರಕ್ಚರಲ್ ನಕ್ಷೆಯನ್ನು ಮುಂದಿಟ್ಟುಕೊಂಡರೆ ನಿಮ್ಮ ಮನೆಗೆ ಎಷ್ಟು ಕಬ್ಬಿಣ ಹೋಗಿರಬಹುದೆಂಬುದನ್ನು ಯಾವ ಎಂಜಿನಿಯರ್ ಆದರೂ ಹೇಳಬಲ್ಲರು.

ಪಾಯದ ಮಾತು ಹಾಗಲ್ಲ. ಕಪ್ಪು ಮಣ್ಣೋ, ತುಂಬಿಸಿದ ನೆಲವೋ ಸಿಕ್ಕಿದರೆ ಗಟ್ಟಿ ನೆಲ ಸಿಗುವವರೆಗೆ ಅಗೆಯಲೇಬೇಕು. ಆ ಖರ್ಚು ನಿಜವಾದದ್ದು, ಕರಾರಿನಲ್ಲಿ ಆಳವನ್ನು ನಮೂದಿಸಿದ್ದರೆ ಅದನ್ನು ಮೀರಿದ ಭಾಗಕ್ಕೆ ಹಣ ಕೊಡುವುದು ನ್ಯಾಯ. ಆದರೆ ಮುಚ್ಚಿಹೋದ ಪಾಯವನ್ನು ಈಗ ಅಳೆಯಲಾಗದು. ಪಾಯದ ತಳಕ್ಕೆ ಬೆಡ್ ಕಾಂಕ್ರೀಟ್ ಹಾಕುವಾಗ ತೆಗೆದ ಫೋಟೋಗಳನ್ನು, ಎಂಜಿನಿಯರ್ ಅಂದು ಬರೆದುಕೊಟ್ಟ ಟಿಪ್ಪಣಿಯನ್ನು ಹುಡುಕಿ ತೆಗೆದು, ಅದರಲ್ಲಿ ಕಾಣುವಷ್ಟನ್ನೇ ಒಪ್ಪಿಕೊಳ್ಳಿ.

ಸಂಪಿನ ವಿಷಯದಲ್ಲಿ ನಮ್ಮಲ್ಲೂ ಇಂಥದ್ದೇ ತಕರಾರು ಎದ್ದಿತ್ತು. ಕರಾರಿನಲ್ಲಿ 6,000 ಲೀಟರಿನ ಸಂಪ್ ಸೇರಿತ್ತು. ನಾವು ದೊಡ್ಡದು ಮಾಡಿಸಿದೆವು. ಬಿಲ್ಲಿನಲ್ಲಿ ಮಾತ್ರ ಇಡೀ ಸಂಪನ್ನೇ ಹೆಚ್ಚುವರಿ ಎಂದು ಬರೆದಿದ್ದರು. ಒಳಗಿನ ಅಳತೆ ಎಂಟು ಅಡಿ ಉದ್ದ, ಆರು ಅಡಿ ಅಗಲ, ಆರು ಅಡಿ ಆಳವಿತ್ತು. ಅಂದರೆ 288 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರಿನಂತೆ 8,150 ಲೀಟರ್. ಹಾಗಾಗಿ ನಾವು ಕೊಡಬೇಕಾದದ್ದು 2,150 ಲೀಟರಿಗೆ ಮಾತ್ರ. ಅಳತೆಯ ಹಾಳೆಯನ್ನು ಎದುರಿಗಿಟ್ಟ ಮೇಲೆ ಗುತ್ತಿಗೆದಾರರು ವಾದಿಸದೆ ತಿದ್ದಿಕೊಂಡರು. ಮೆಟ್ಟಿಲ ಮೇಲಿನ ಕೋಣೆ, ಬಾಲ್ಕನಿ, ಪೋರ್ಟಿಕೊಗಳನ್ನು ಪೂರ್ತಿ ಚದರವಾಗಿ ಹಿಡಿದಿದ್ದಾರೋ ಅರ್ಧಕ್ಕೋ ಎಂಬುದನ್ನೂ ಕರಾರಿನೊಂದಿಗೆ ಹೋಲಿಸಿ ನೋಡಿ. ಗುತ್ತಿಗೆದಾರರ ಪರಿಚಯವಿಲ್ಲದ ಎಂಜಿನಿಯರ್ ಒಬ್ಬರಿಂದ ಇಡೀ ಕೆಲಸವನ್ನು ಅಳೆಯಿಸಿ, ಇಬ್ಬರ ಸಹಿ ಹಾಕಿಸಿಕೊಂಡ ಮೇಲೆ ಹಣದ ಮಾತು ಎತ್ತುವುದು ಒಳ್ಳೆಯದು.

ವಿಳಂಬದಲ್ಲೂ ಭೇದವಿದೆ. ಮುಂಗಾರು ಬಿತ್ತನೆಗೆಂದು ರಾಯಚೂರು, ಯಾದಗಿರಿ ಕಡೆಯ ಕೆಲಸಗಾರರು ಊರಿಗೆ ಹೋಗುತ್ತಾರೆ. ಅದನ್ನು ಯಾರೂ ತಡೆಯಲಾಗದು, ತಡೆಯಲೂಬಾರದು. ಮೋಲ್ಡಿನ ಕೆಳಗಿನ ಆಸರೆಯನ್ನು ಬೇಗ ತೆಗೆಸಿ, ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಬೇಗ ಮುಗಿಸಿ ಎಂದು ಮಾಲೀಕರು ಒತ್ತಾಯಿಸುವುದೂ ತಪ್ಪು. ಸಾಮಾನ್ಯ ಸಿಮೆಂಟಿನ ಕೆಲಸದಲ್ಲಿ ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿಗೆ ಕನಿಷ್ಠ ಏಳು ದಿನ, ಅದಕ್ಕಿಂತ ದೊಡ್ಡದಕ್ಕೆ ಹದಿನಾಲ್ಕು ದಿನ ಆಸರೆ ಇರಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಆದರೆ ಸೈಟಿನಲ್ಲಿ ಸಿಮೆಂಟೂ ಇಲ್ಲ, ಎಂ-ಸ್ಯಾಂಡೂ (ಕಲ್ಲು ಪುಡಿಮಾಡಿದ ಮರಳು) ಇಲ್ಲ, ಮೇಸ್ತ್ರಿಗೆ ವಾರದ ಬಟವಾಡೆಯೂ ಆಗಿಲ್ಲ ಎಂದಾದರೆ ನಿಮ್ಮ ಹಣ ಬೇರೊಂದು ಸೈಟಿಗೆ ಹೋಗಿರುವ ಸಂಭವವೇ ಹೆಚ್ಚು. ಅಂಥ ಸ್ಥಿತಿಯಲ್ಲಿ ಕೈಗೆ ಮುಂಗಡ ಕೊಡಬೇಡಿ. ಸಾಮಗ್ರಿಯ ಹಣವನ್ನು ನೀವೇ ನೇರವಾಗಿ ಅಂಗಡಿಗೆ ಕಟ್ಟಿ, ಗುತ್ತಿಗೆಯ ಮೊತ್ತದಿಂದ ಅಷ್ಟನ್ನು ಕಳೆಯುವುದಾಗಿ ಕಾಗದ ಮಾಡಿಕೊಳ್ಳಿ. ಕೂಲಿಯನ್ನು ಒಂದೊಂದು ಕೋಣೆಯ ಗಾರೆ ಮುಗಿದಂತೆ ಕೊಡಿ. ನಮ್ಮ ಮನೆ ಹೀಗೆಯೇ ಪೂರ್ತಿಯಾಯಿತು.

ಕಾನೂನು ಬಲ್ಲ ಒಬ್ಬರು: ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ದೂರು ಕೊಡಿ ಎಂದು ಹಲವರು ಸಲಹೆ ನೀಡುತ್ತಾರೆ. ಅದರ 2016ರ ಕಾಯಿದೆ ಫ್ಲ್ಯಾಟು, ನಿವೇಶನಗಳನ್ನು ಮಾರುವ ಪ್ರವರ್ತಕರಿಗೆ ಸಂಬಂಧಿಸಿದ್ದು. ಸ್ವಂತ ನಿವೇಶನದಲ್ಲಿ ವಾಸಕ್ಕೆಂದು ಮನೆ ಕಟ್ಟಿಸುವವರ ಗುತ್ತಿಗೆಗೆ ಅನ್ವಯಿಸುವುದಿಲ್ಲ. ನಿಮಗೆ ದಾರಿಯಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ. ಮನೆ ನಿರ್ಮಾಣವನ್ನು ಅದು ಸೇವೆಯೆಂದು ಸ್ಪಷ್ಟವಾಗಿ ಹೇಳಿದೆ. ಪಾವತಿಸಿದ ಮೊತ್ತ 50 ಲಕ್ಷದವರೆಗಿದ್ದರೆ ದೂರನ್ನು ಜಿಲ್ಲಾ ಆಯೋಗಕ್ಕೆ ಸಲ್ಲಿಸಬೇಕು, ವಕೀಲರು ಕಡ್ಡಾಯವಲ್ಲ, ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಬಹುದು. ಕರಾರಿನಲ್ಲಿ ವಿಳಂಬಕ್ಕೆ ದಂಡ ಬರೆದಿದ್ದರೂ ಆ ಮೊತ್ತ ಗರಿಷ್ಠ ಮಿತಿಯಷ್ಟೆ, ಸಮಂಜಸವಾದ ಪರಿಹಾರ ಮಾತ್ರ ಸಿಗುತ್ತದೆ ಎಂಬುದು 1872ರ ಕರಾರು ಕಾಯಿದೆಯ 74ನೇ ಕಲಮಿನ ಆಶಯ. ಆದ್ದರಿಂದ ಬಾಡಿಗೆಯ ರಸೀದಿಗಳನ್ನೂ ಸಾಲದ ಬಡ್ಡಿಯ ವಿವರವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಸಾಲ ಪಡೆದ ಹಣಕಾಸು ವರ್ಷ ಮುಗಿದ ಐದು ವರ್ಷದೊಳಗೆ ಮನೆ ಪೂರ್ತಿಯಾಗದಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಬಡ್ಡಿಯ ಮೇಲಿನ ವಿನಾಯಿತಿ ಎರಡು ಲಕ್ಷದಿಂದ 30,000 ರೂಪಾಯಿಗೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಹಾಸನದಿಂದ ಒಬ್ಬರು: ನಾವು ಅರ್ಧದಲ್ಲೇ ಗುತ್ತಿಗೆದಾರರನ್ನು ಬದಲಿಸಿದೆವು. ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಅದಕ್ಕೆ ಕೈಹಾಕಿ, ಏಕೆಂದರೆ ಅರ್ಧ ಕೆಲಸಕ್ಕೆ ಬರುವವರು ಹೆಚ್ಚಿನ ದರ ಕೇಳುತ್ತಾರೆ ಮತ್ತು ಹಳೆಯ ತಾರಸಿ ಸೋರಿದರೆ ಜವಾಬ್ದಾರಿ ಹೊರುವುದಿಲ್ಲ. ಬದಲಿಸುವುದೇ ಆದರೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿ, ಆಗಿರುವ ಕೆಲಸದ ಅಳತೆಯನ್ನು ಬರೆಸಿ, ಸೆಂಟ್ರಿಂಗ್ ಹಲಗೆ ಮುಂತಾದ ಅವರ ಸಾಮಾನುಗಳನ್ನು ಪಟ್ಟಿ ಮಾಡಿ ಮರಳಿಸಿ. ಕೀಲಿಕೈ, ನಕ್ಷೆಗಳ ಮೂಲ ಪ್ರತಿ, ಮೋಟರು ಹಾಗೂ ವೈರುಗಳ ಬಿಲ್ಲುಗಳನ್ನು ಲೆಕ್ಕ ಚುಕ್ತಾ ಮಾಡುವ ಮೊದಲೇ ಕೈಗೆ ತೆಗೆದುಕೊಳ್ಳಿ. ಗಾರೆ ಆಗದ ಗೋಡೆಗಳು ಇನ್ನೂ ಉಳಿದಿರುವುದರಿಂದ ವಿದ್ಯುತ್ ಪೈಪು, ನೀರಿನ ಪೈಪು ಹೋಗಿರುವ ಜಾಗಗಳನ್ನು ಅಳತೆಪಟ್ಟಿ ಹಿಡಿದು ಈಗಲೇ ಫೋಟೋ ತೆಗೆದಿಡಿ. ಮುಂದೆ ಬರುವ ಪ್ಲಂಬರಿಗೂ ಎಲೆಕ್ಟ್ರಿಷಿಯನ್ನಿಗೂ ಅದು ಬೇಕಾಗುತ್ತದೆ.